ರೇಖೆಯ ಮೇಲೆ ಒಪ್ಪುವ ತ್ರಿಕೋನ ಫಲನ ಸಮತಲದಲ್ಲಿ ಏಕೆ ಒಪ್ಪುವುದಿಲ್ಲ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮಣ್ಣಿನ ತೇವಾಂಶದ ಅಳತೆಗಳ ಮೇಲೆ ಕೆಲಸ ಮಾಡುತ್ತಿರುವ ಸಂಶೋಧನಾ ವಿದ್ಯಾರ್ಥಿ. ಗಣಿತವನ್ನು ಪದವಿಯವರೆಗೆ ಓದಿದ್ದೇನೆ. ಫಲನವೊಂದನ್ನು ಬೇರೆ ಬೇರೆ ಆವೃತ್ತಿಗಳ ಅಲೆಗಳಾಗಿ ಬಿಡಿಸಿ ತೋರಿಸುವ ಫೂರಿಯೆ ಪರಿವರ್ತನೆ ಎಂದರೇನೆಂಬುದು ತಿಳಿದಿದೆ, ಆದರೆ ಅದರ ಆಳಕ್ಕೆ ಇಳಿದವನಲ್ಲ.

ಅಳತೆ ಮಾಡದ ಜಾಗದ ಮೌಲ್ಯವನ್ನು ಸುತ್ತಲಿನ ಅಳತೆಗಳಿಂದ ಅಂದಾಜಿಸುವ ಕ್ರಿಗಿಂಗ್ ವಿಧಾನಕ್ಕೆ, ಎರಡು ಜಾಗಗಳ ನಡುವಿನ ದೂರ ಹೆಚ್ಚಿದಂತೆ ಅವುಗಳ ಸಂಬಂಧ ಹೇಗೆ ಕುಗ್ಗುತ್ತದೆ ಎಂದು ಹೇಳುವ ಒಂದು ಕೋವೇರಿಯನ್ಸ್ ಫಲನ ಬೇಕಾಗುತ್ತದೆ. ನಾನು ಎಲ್ಲಕ್ಕಿಂತ ಸರಳವಾದುದನ್ನು ಆರಿಸಿಕೊಂಡೆ: ದೂರ ಸೊನ್ನೆಯಾದಾಗ ಅದರ ಬೆಲೆ 1, ಅಲ್ಲಿಂದ ನೇರ ಗೆರೆಯಲ್ಲಿ ಇಳಿದು 100 ಮೀಟರಿಗೆ 0, ಆಮೇಲೆ ಎಲ್ಲೆಡೆ 0. ನೂರು ಮೀಟರನ್ನೇ ಒಂದು ಮಾನವೆಂದು ಇಟ್ಟುಕೊಂಡು, ದೂರವನ್ನು ದ ಎಂದು ಕರೆದರೆ, ಫ(ದ) = 1 − ದ; ದ ಒಂದನ್ನು ಮೀರಿದರೆ ಸೊನ್ನೆ. ಇದೇ ತ್ರಿಕೋನ ಫಲನ. ಇಳಿಯುತ್ತಾ ಹೋಗುವ, ಕೆಳಕ್ಕೆ ಬಾಗಿದ, ಅಂದರೆ ಕಾನ್ವೆಕ್ಸ್ ಆದ ಫಲನ ಧನನಿಶ್ಚಿತವಾಗಿಯೇ ಇರುತ್ತದೆ ಎಂಬ ಪೋಲ್ಯಾ ಅವರ ನಿಯಮವನ್ನು ಓದಿದ್ದೆನಾದ್ದರಿಂದ ನಿಶ್ಚಿಂತನಾಗಿದ್ದೆ. ತರಗತಿಯಲ್ಲಿ ಪಾಸಿಟಿವ್ ಡೆಫಿನಿಟ್ ಎಂದು ಹೇಳಿಕೊಡುವುದನ್ನೇ ಇಲ್ಲಿ ಧನನಿಶ್ಚಿತ ಎಂದು ಬರೆಯುತ್ತಿದ್ದೇನೆ.

ಮೊದಲ ಸುತ್ತಿನಲ್ಲಿ ಹೊಲದಲ್ಲಿ 70 ಮೀಟರಿಗೊಂದರಂತೆ 4 × 4 ಚೌಕಜಾಲದಲ್ಲಿ 16 ಜಾಗಗಳನ್ನು ತೆಗೆದುಕೊಂಡಾಗ ಎಲ್ಲವೂ ಸರಿಯಾಗಿತ್ತು. ಪ್ರತಿ ಜೋಡಿ ಜಾಗಗಳಿಗೆ ಫಲನ ಕೊಡುವ ಬೆಲೆಗಳನ್ನು ಜೋಡಿಸಿದ ಮಾತೃಕೆಯ ಅತಿ ಚಿಕ್ಕ ಐಗನ್ ಮೌಲ್ಯ ಸುಮಾರು 0.055 ಬಂದಿತ್ತು; ಫಲನ ಧನನಿಶ್ಚಿತವಾಗಿದ್ದರೆ ಈ ಮೌಲ್ಯ ಋಣವಾಗಬಾರದು. ಎರಡನೆಯ ಸುತ್ತಿನಲ್ಲಿ ಜಾಲವನ್ನು 5 × 5 ಕ್ಕೆ ಹಿಗ್ಗಿಸಿದೆ. ಅತಿ ಚಿಕ್ಕ ಐಗನ್ ಮೌಲ್ಯ −0.0091 ಆಯಿತು. ಲೆಕ್ಕದ ದಶಮಾಂಶ ಸ್ಥಾನಗಳು ಸಾಲದೆ ಹೀಗಾಗಿರಬೇಕೆಂದು ಒಬ್ಬರು ಹೇಳಿದರು. ನಿಖರತೆಯನ್ನು ಎರಡು ಪಟ್ಟು ಮಾಡಿ ನೋಡಿದೆ, ಉತ್ತರ ಕದಲಲಿಲ್ಲ. ಅವೇ 25 ಜಾಗಗಳನ್ನು 70 ಮೀಟರ್ ಅಂತರದಲ್ಲಿ ಒಂದೇ ಸಾಲಿನಲ್ಲಿ ಇಟ್ಟು ಲೆಕ್ಕ ಹಾಕಿದರೆ ಅತಿ ಚಿಕ್ಕ ಮೌಲ್ಯ 0.40 ಬರುತ್ತದೆ.

ಫಲನ ದೂರವನ್ನು ಮಾತ್ರ ನೋಡುತ್ತದೆ, ದಿಕ್ಕನ್ನು ನೋಡುವುದಿಲ್ಲ. ಹಾಗಿರುವಾಗ ಆ ದೂರ ರೇಖೆಯ ಮೇಲಿದೆಯೋ ಸಮತಲದಲ್ಲಿದೆಯೋ ಎಂಬುದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ನನ್ನ ಗೊಂದಲ ಇಷ್ಟೇ. ಹಾಗೆಯೇ, ಯಾವ ಆಯಾಮದಲ್ಲೂ ಕೈಕೊಡದ ಫಲನಗಳು ಇವೆಯೇ ಎಂಬುದನ್ನೂ ತಿಳಿಯಬೇಕಾಗಿದೆ.


ಉತ್ತರ 1

ನಿಮ್ಮ ಗಣಕ ತಪ್ಪು ಮಾಡಿಲ್ಲ; −0.0091 ನಿಜವಾದ ಸಂಖ್ಯೆ. ಅದನ್ನು ಕಾಗದದ ಮೇಲೆಯೇ ತೋರಿಸಬಹುದು, ಮತ್ತು ತೋರಿಸಿದಾಗ ನಿಮ್ಮ ಪ್ರಶ್ನೆಯ ಅರ್ಧ ಭಾಗ ತಾನಾಗಿ ಬಿಡಿಸಿಕೊಳ್ಳುತ್ತದೆ.

ಧನನಿಶ್ಚಿತ ಎಂದರೆ ಏನೆಂದು ಮೊದಲು ನೆನಪಿಸಿಕೊಳ್ಳೋಣ. ಯಾವುದೇ ಕೆಲವು ಬಿಂದುಗಳನ್ನು ಆರಿಸಿ, ಅವಕ್ಕೆ ಇಷ್ಟಬಂದ ತೂಕಗಳನ್ನು, ಧನವೋ ಋಣವೋ, ಕೊಡಿ. ಪ್ರತಿಯೊಂದು ಜೋಡಿ ಬಿಂದುಗಳಿಗೆ ಎರಡು ತೂಕಗಳ ಗುಣಲಬ್ಧವನ್ನು ಅವುಗಳ ನಡುವಿನ ದೂರಕ್ಕೆ ಫಲನ ಕೊಡುವ ಬೆಲೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ. ಬಿಂದುಗಳು ಎಷ್ಟೇ ಇರಲಿ, ಎಲ್ಲೇ ಇರಲಿ, ತೂಕಗಳು ಹೇಗೇ ಇರಲಿ, ಈ ಮೊತ್ತ ಸೊನ್ನೆಗಿಂತ ಕೆಳಗೆ ಇಳಿಯಬಾರದು. ನಿಮ್ಮ ಕೆಲಸದಲ್ಲಿ ಈ ಮೊತ್ತವೇ ಅಳತೆಗಳ ತೂಕಬದ್ಧ ಮೊತ್ತದ ವೇರಿಯನ್ಸ್. ಅದು ಋಣವಾಯಿತೆಂದರೆ ಅಂಥ ಯಾದೃಚ್ಛಿಕ ಪ್ರಕ್ರಿಯೆಯೇ ಇರಲಾರದು ಎಂದರ್ಥ.

ಈಗ ಅಂತರವನ್ನು 70 ಮೀಟರಿನ ಬದಲು 70.71 ಮೀಟರ್ ಎಂದುಕೊಳ್ಳಿ. ಆಗ ಒಂದು ಚೌಕದ ಕರ್ಣ ಸರಿಯಾಗಿ 100 ಮೀಟರ್ ಆಗುತ್ತದೆ, ಅಲ್ಲಿ ಫಲನ ಸೊನ್ನೆ. ಹಾಗಾಗಿ ಪ್ರತಿ ಬಿಂದುವಿಗೂ ಸಂಬಂಧ ಇರುವುದು ತನ್ನೊಂದಿಗೆ 1, ಮತ್ತು ಎಡ, ಬಲ, ಮೇಲೆ, ಕೆಳಗೆ ಇರುವ ನಾಲ್ಕು ನೆರೆಯ ಬಿಂದುಗಳೊಂದಿಗೆ ತಲಾ 0.2929. ಚದುರಂಗದ ಹಾಸಿನ ಕಪ್ಪು ಮನೆಗಳಿಗೆ +1, ಬಿಳಿ ಮನೆಗಳಿಗೆ −1 ತೂಕ ಕೊಡಿ. ನೆರೆಯವರೆಲ್ಲರೂ ವಿರುದ್ಧ ಚಿಹ್ನೆಯವರು. ಜಾಲದ ನಡುವಿನ ಒಂದು ಬಿಂದು ಮೊತ್ತಕ್ಕೆ ಕೊಡುವ ಪಾಲು 1 − 4 × 0.2929, ಅಂದರೆ −0.1716. ರೇಖೆಯ ಮೇಲಾದರೆ ನೆರೆಯವರು ಇಬ್ಬರೇ. ಪಾಲು 1 − 2 × 0.2929 = 0.4142, ಧನ. ನಿಮ್ಮ ಪ್ರಶ್ನೆಗೆ ಅತಿ ಸರಳ ಉತ್ತರ ಇಲ್ಲಿದೆ. ದೂರ ಅದೇ, ಫಲನವೂ ಅದೇ. ಆದರೆ ಒಂದೇ ದೂರದಲ್ಲಿ ಎಷ್ಟು ಜನ ನೆರೆಯವರು ಕೂರಬಹುದು, ಮತ್ತು ಅವರವರ ನಡುವೆ ಎಷ್ಟು ದೂರ ಇರಬಹುದು ಎಂಬುದನ್ನು ಆಯಾಮ ನಿರ್ಧರಿಸುತ್ತದೆ. ಆಯಾಮ ಹೆಚ್ಚಿದಂತೆ ಫಲನವನ್ನು ಪರೀಕ್ಷಿಸಲು ಹೆಚ್ಚು ಬಗೆಯ ಬಿಂದುವಿನ್ಯಾಸಗಳು ಸಿಗುತ್ತವೆ, ಪರೀಕ್ಷೆ ಕಠಿಣವಾಗುತ್ತದೆ.

ಜಾಲದ ಅಂಚಿನಲ್ಲಿರುವ ಬಿಂದುಗಳಿಗೆ ನೆರೆಯವರು ಕಡಿಮೆಯಾದ್ದರಿಂದ ಚಿಕ್ಕ ಜಾಲದಲ್ಲಿ ಈ ದೋಷ ಮರೆಯಾಗಿರುತ್ತದೆ. +1, −1 ತೂಕಗಳನ್ನೇ ಇಟ್ಟುಕೊಂಡರೆ 5 × 5 ಜಾಲದಲ್ಲಿ 40 ನೆರೆಜೋಡಿಗಳಿದ್ದು ಮೊತ್ತ 1.57 ಆಗುತ್ತದೆ. 6 × 8 ಜಾಲದಲ್ಲಿ 82 ನೆರೆಜೋಡಿಗಳಿದ್ದು ಮೊತ್ತ 48 − 48.034, ಅಂದರೆ ಕೂದಲೆಳೆಯಷ್ಟು ಋಣ. 7 × 7 ರಲ್ಲಿ −0.206. ಆದರೆ ಅಂಚಿನ ಬಿಂದುಗಳ ತೂಕವನ್ನು ಇಳಿಸಿದರೆ 5 × 5 ಸಾಕು: ಅಡ್ಡಸಾಲುಗಳಿಗೆ ಕ್ರಮವಾಗಿ 0.5, 0.866, 1, 0.866, 0.5 ಎಂದೂ, ಕಂಬಸಾಲುಗಳಿಗೂ ಹಾಗೆಯೇ ಕೊಟ್ಟು, ಗುಣಿಸಿ, ಚದುರಂಗದ ಚಿಹ್ನೆಗಳನ್ನು ಹಾಕಿ. ಇದು ಮಾತೃಕೆಯ ಐಗನ್ ಸದಿಶವೇ ಆಗಿದ್ದು, ಅದರ ಮೌಲ್ಯ 1 − 4 × 0.2929 × 0.866, ಅಂದರೆ −0.0146. ನಿಮ್ಮ 70 ಮೀಟರಿನ ಜಾಲದಲ್ಲಿ ನೆರೆಯ ಬೆಲೆ 0.3 ಆಗುತ್ತದೆ, ಕರ್ಣದ ಜೋಡಿಗಳಿಗೆ 0.01 ರಷ್ಟು ಉಳಿಯುತ್ತದೆ. ಅದೇ ತೂಕಗಳನ್ನು ಇಟ್ಟರೆ ನೀವು ಕಂಡ −0.0091 ಅಕ್ಷರಶಃ ಬರುತ್ತದೆ.

ಒಂದು ಎಚ್ಚರಿಕೆ. 16 ಜಾಗಗಳಲ್ಲಿ ಎಲ್ಲವೂ ಸರಿ ಬಂತೆಂಬುದರಿಂದ ಫಲನ ಸರಿಯೆಂದು ತೀರ್ಮಾನಿಸಬಾರದು. ಒಂದು ಬಿಂದುವಿನ್ಯಾಸ ತಪ್ಪನ್ನು ಸಾಬೀತುಪಡಿಸಬಲ್ಲದು. ಸರಿಯೆಂಬುದನ್ನು ಸಾಬೀತುಪಡಿಸಲು ಎಷ್ಟು ವಿನ್ಯಾಸಗಳೂ ಸಾಲವು. ಅದಕ್ಕೆ ಫೂರಿಯೆ ಪರಿವರ್ತನೆಯೇ ಬೇಕು. ಆ ಭಾಗವನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯಲಿ.


ಉತ್ತರ 2

ಮೇಲಿನ ಉತ್ತರದ ಲೆಕ್ಕ ಸ್ಪಷ್ಟವಾಗಿದೆ. ಫೂರಿಯೆಯ ಕಡೆಯಿಂದ ನೋಡಿದರೆ, ಚದುರಂಗದ ತೂಕಗಳನ್ನು ಹುಡುಕುವ ಅಗತ್ಯವೇ ಇಲ್ಲದೆ, ತ್ರಿಕೋನ ಫಲನ ಸಮತಲದಲ್ಲಿ ಸೋಲಲೇಬೇಕು ಎಂಬುದು ಮೂರು ನಾಲ್ಕು ವಾಕ್ಯಗಳಲ್ಲಿ ಕಾಣುತ್ತದೆ. ಈ ವಾದ ನನಗೆ ಬಹಳ ಪ್ರಿಯವಾದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಆಧಾರ ಬಾಕ್ನರ್ ಅವರ ಪ್ರಮೇಯ. ಸಾಲೊಮನ್ ಬಾಕ್ನರ್ 1932 ರ ಸುಮಾರಿಗೆ ತೋರಿಸಿದ್ದು ಇದು: ಅವಿಚ್ಛಿನ್ನವಾದ ಫಲನವೊಂದು ಧನನಿಶ್ಚಿತವಾಗಿರಬೇಕಾದರೆ ಅದು ಎಲ್ಲಿಯೂ ಋಣವಲ್ಲದ, ಒಟ್ಟು ಮೊತ್ತ ಸೀಮಿತವಾದ ಒಂದು ಹಂಚಿಕೆಯ ಫೂರಿಯೆ ಪರಿವರ್ತನೆ ಆಗಿರಬೇಕು, ಹಾಗಿದ್ದರೆ ಸಾಕು ಕೂಡ. ನಿಮ್ಮ ಫಲನದಂತೆ ಒಂದು ಮಿತಿಯ ಆಚೆ ಸೊನ್ನೆಯಾಗುವ ಫಲನಗಳಿಗೆ ಇದರ ಅರ್ಥ ಇನ್ನೂ ಸರಳ: ಅದರ ಫೂರಿಯೆ ಪರಿವರ್ತನೆ ಯಾವ ಆವೃತ್ತಿಯಲ್ಲೂ ಸೊನ್ನೆಗಿಂತ ಕೆಳಗೆ ಹೋಗಬಾರದು. ಮುಖ್ಯವಾದ ಮಾತೆಂದರೆ, ಈ ಪರಿವರ್ತನೆಯನ್ನು ನೀವು ಕೆಲಸ ಮಾಡುತ್ತಿರುವ ಆಯಾಮದಲ್ಲೇ ತೆಗೆದುಕೊಳ್ಳಬೇಕು. ಒಂದೇ ಫ(ದ) ಗೆ ರೇಖೆಯಲ್ಲಿ ಒಂದು ಪರಿವರ್ತನೆ, ಸಮತಲದಲ್ಲಿ ಇನ್ನೊಂದು, ಮೂರು ಆಯಾಮದಲ್ಲಿ ಮತ್ತೊಂದು. ಅವುಗಳನ್ನು ಪ₁(ಕ), ಪ₂(ಕ), ಪ₃(ಕ) ಎಂದು ಕರೆಯೋಣ. ಕ ಎಂಬುದು ಆವೃತ್ತಿ. ಫಲನ ದಿಕ್ಕನ್ನು ಅವಲಂಬಿಸದ ತ್ರಿಜ್ಯೀಯ ಫಲನವಾದ್ದರಿಂದ ಪರಿವರ್ತನೆಗಳೂ ಆವೃತ್ತಿಯ ಪರಿಮಾಣವನ್ನು ಮಾತ್ರ ಅವಲಂಬಿಸುತ್ತವೆ.

ಇವುಗಳ ನಡುವಿನ ನಂಟು ಹೀಗಿದೆ. ಸಮತಲದ ಫಲನವನ್ನು ಮೂಲಬಿಂದುವಿನ ಮೂಲಕ ಹಾಯುವ ಒಂದು ರೇಖೆಯ ಮೇಲೆ ಮಾತ್ರ ನೋಡಿ. ಆ ರೇಖೆಯ ಮೇಲಿನ ಫಲನದ ಪರಿವರ್ತನೆಯನ್ನು ಪಡೆಯಲು ಸಮತಲದ ಪರಿವರ್ತನೆಯನ್ನು ರೇಖೆಗೆ ಲಂಬವಾದ ದಿಕ್ಕಿನುದ್ದಕ್ಕೂ ಕೂಡಿಸಿದರೆ ಆಯಿತು. ಸೂತ್ರವಾಗಿ ಹೇಳುವುದಾದರೆ, ಸ ಎಂಬುದನ್ನು −∞ ಯಿಂದ +∞ ವರೆಗೆ ಓಡಿಸಿ ಪ₂(√(ಕ² + ಸ²)) ರ ಅನುಕಲವನ್ನು ತೆಗೆದುಕೊಂಡು 2ಪೈ ಯಿಂದ ಭಾಗಿಸಿದರೆ ಪ₁(ಕ) ಸಿಗುತ್ತದೆ. ಈ ಅನುಕಲದಲ್ಲಿ ಬರುವ ಆವೃತ್ತಿಗಳೆಲ್ಲ ಕ ಅಥವಾ ಅದಕ್ಕಿಂತ ದೊಡ್ಡವು ಎಂಬುದನ್ನು ಗಮನಿಸಿ.

ಈಗ ಫಲನ ಸಮತಲದಲ್ಲಿ ಧನನಿಶ್ಚಿತ ಎಂದು ಒಂದು ಕ್ಷಣ ಒಪ್ಪಿಕೊಳ್ಳಿ. ಆಗ ಪ₂ ಎಲ್ಲಿಯೂ ಋಣವಲ್ಲ. ಯಾವುದೋ ಒಂದು ಆವೃತ್ತಿಯಲ್ಲಿ ಪ₁ ಸೊನ್ನೆಯಾಯಿತೆನ್ನಿ. ಋಣವಲ್ಲದ, ಅವಿಚ್ಛಿನ್ನವಾದ ಫಲನದ ಅನುಕಲ ಸೊನ್ನೆಯಾಗಬೇಕಾದರೆ ಆ ಫಲನವೇ ಸೊನ್ನೆಯಾಗಿರಬೇಕು. ಹಾಗಾಗಿ ಆ ಆವೃತ್ತಿಯಿಂದ ಆಚೆಗೆ ಪ₂ ಸಂಪೂರ್ಣ ಸೊನ್ನೆ, ಅದರಿಂದಾಗಿ ಪ₁ ಕೂಡ ಅಲ್ಲಿಂದಾಚೆಗೆ ಶಾಶ್ವತವಾಗಿ ಸೊನ್ನೆ. ಅಂದರೆ, ಸಮತಲದಲ್ಲಿ ಒಪ್ಪುವ ಇಂಥ ಫಲನದ ಒಂದಾಯಾಮದ ಪರಿವರ್ತನೆ ಒಮ್ಮೆ ನೆಲ ಮುಟ್ಟಿದರೆ ಮತ್ತೆ ಮೇಲೇಳುವಂತಿಲ್ಲ. ತ್ರಿಕೋನ ಫಲನದ ಪರಿವರ್ತನೆ ಏನು? ಸೈನ್(ಕ/2) ಅನ್ನು ಕ/2 ರಿಂದ ಭಾಗಿಸಿ ವರ್ಗ ಮಾಡಿದ್ದು. ವರ್ಗವಾದ್ದರಿಂದ ಅದು ಋಣವಾಗುವುದಿಲ್ಲ, ರೇಖೆಯ ಮೇಲೆ ಫಲನ ಒಪ್ಪುವುದು ಅದರಿಂದಲೇ. ಆದರೆ ಕ = 2ಪೈ ನಲ್ಲಿ ಅದು ನೆಲ ಮುಟ್ಟುತ್ತದೆ, 3ಪೈ ಗೆ ಬರುವಷ್ಟರಲ್ಲಿ ಮತ್ತೆ ಎದ್ದಿರುತ್ತದೆ. ಆದ್ದರಿಂದ ಸಮತಲದಲ್ಲಿ ಅದು ಧನನಿಶ್ಚಿತವಾಗಿರಲು ಸಾಧ್ಯವೇ ಇಲ್ಲ.

ಈ ವಾದದ ಸೊಗಸು ಇಲ್ಲಿಗೆ ಮುಗಿಯುವುದಿಲ್ಲ. ತ್ರಿಕೋನ ಫಲನ ಎಲ್ಲಿಂದ ಬಂತೆಂದು ಕೇಳಿ. ಒಂದು ಮಾನ ಉದ್ದದ ಕಡ್ಡಿಯೊಂದನ್ನು ತೆಗೆದುಕೊಂಡು, ಅದರ ಪ್ರತಿಯನ್ನು ದ ದಷ್ಟು ಜರುಗಿಸಿ, ಎರಡೂ ಎಷ್ಟು ಉದ್ದ ಒಂದರ ಮೇಲೊಂದು ಬೀಳುತ್ತವೆ ಎಂದು ಅಳೆದರೆ ಸಿಗುವುದೇ 1 − ದ. ಇದನ್ನೇ ಸಮತಲದಲ್ಲಿ ಮಾಡಿ: ಒಂದು ಮಾನ ವ್ಯಾಸದ ಎರಡು ಬಿಲ್ಲೆಗಳು ಒಂದರ ಮೇಲೊಂದು ಬೀಳುವ ಭಾಗದ ವಿಸ್ತೀರ್ಣ, ಇಡೀ ಬಿಲ್ಲೆಯ ವಿಸ್ತೀರ್ಣಕ್ಕೆ ಹೋಲಿಸಿದರೆ, 2/ಪೈ × (ಆರ್ಕ್‌ಕೊಸೈನ್ ದ − ದ√(1 − ದ²)). ಭೂಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ವೃತ್ತೀಯ ಮಾದರಿ ಎಂದು ಹೆಸರು. ಮೂರು ಆಯಾಮದಲ್ಲಿ ಎರಡು ಗೋಳಗಳನ್ನು ತೆಗೆದುಕೊಂಡರೆ 1 − 1.5ದ + 0.5ದ³ ಸಿಗುತ್ತದೆ, ಅದು ಗೋಳೀಯ ಮಾದರಿ, ಗಣಿಗಾರಿಕೆಯ ಲೆಕ್ಕಗಳಲ್ಲಿ ಬಹುವಾಗಿ ಬಳಕೆಯಲ್ಲಿರುವುದು. ಈ ಮೂರರ ಪರಿವರ್ತನೆಯೂ ತಮ್ಮ ತಮ್ಮ ಆಯಾಮದಲ್ಲಿ ಒಂದು ವರ್ಗ. ಹಾಗಾಗಿ ಅಲ್ಲಿ ಅವು ಧನನಿಶ್ಚಿತ. ಮೂರರ ಪರಿವರ್ತನೆಗೂ ಸೊನ್ನೆಗಳಿವೆ, ಸೊನ್ನೆಯ ನಂತರ ಮರು ಏಳುವಿಕೆಯೂ ಇದೆ. ಹಾಗಾಗಿ ಒಂದು ಆಯಾಮ ಮೇಲೆ ಹತ್ತಿದ ಕೂಡಲೇ ಅವು ಸೋಲುತ್ತವೆ. ಕಡ್ಡಿ ರೇಖೆಗಷ್ಟೇ, ಬಿಲ್ಲೆ ಸಮತಲದವರೆಗಷ್ಟೇ, ಗೋಳ ಮೂರು ಆಯಾಮದವರೆಗಷ್ಟೇ. ಕೆಳಗಿನ ಆಯಾಮಗಳಿಗೆ ಇಳಿಯಲು ಮಾತ್ರ ಯಾವ ಅಡ್ಡಿಯೂ ಇಲ್ಲ, ಏಕೆಂದರೆ ಸಮತಲದ ಬಿಂದುಗಳೂ ಮೂರು ಆಯಾಮದ ಬಿಂದುಗಳೇ.

ಈ ಸೊನ್ನೆಗಳು ಕಾಗದದ ಮೇಲಷ್ಟೇ ಇರುವಂಥವಲ್ಲ. ದೂರದರ್ಶಕದ ದುಂಡು ಕಿಂಡಿಯಿಂದ ನಕ್ಷತ್ರವನ್ನು ನೋಡಿದಾಗ ಅದರ ಸುತ್ತ ಕಾಣುವ ಕತ್ತಲೆಯ ಉಂಗುರಗಳು ಬಿಲ್ಲೆಯ ಪರಿವರ್ತನೆಯ ಸೊನ್ನೆಗಳೇ. ಭೌತಶಾಸ್ತ್ರದವರಿಗೆ ಪರಿಚಿತವಾದ 1.22 ಎಂಬ ಸಂಖ್ಯೆ ಅಂಥ ಮೊದಲ ಸೊನ್ನೆಯಾದ 3.8317 ಅನ್ನು ಪೈ ಯಿಂದ ಭಾಗಿಸಿದಾಗ ಬರುತ್ತದೆ. ಒಂದೇ ಗಾತ್ರದ ಗೋಳಾಕಾರದ ಕಣಗಳಿಂದ ಎಕ್ಸ್-ಕಿರಣಗಳು ಸಣ್ಣ ಕೋನಗಳಲ್ಲಿ ಚದುರಿದಾಗ ಕಾಣುವ ತಗ್ಗುಗಳು ಗೋಳದ ಪರಿವರ್ತನೆಯ ಸೊನ್ನೆಗಳು. ಆವೃತ್ತಿಯನ್ನು ತ್ರಿಜ್ಯದಿಂದ ಗುಣಿಸಿದರೆ ಮೊದಲನೆಯದು 4.493 ರಲ್ಲಿ ಬರುತ್ತದೆ.

ಮೂರು ಆಯಾಮಕ್ಕೆ ಇನ್ನೂ ಬಿಗಿಯಾದ ಪರೀಕ್ಷೆ ಇದೆ: ಪ₃(ಕ) ಎಂದರೆ ಪ₁ ರ ಅವಕಲನವನ್ನು −2ಪೈ/ಕ ದಿಂದ ಗುಣಿಸಿದ್ದು. ಆದ್ದರಿಂದ ಮೂರು ಆಯಾಮದಲ್ಲಿ ಒಪ್ಪಬೇಕಾದರೆ ಪ₁ ಎಲ್ಲಿಯೂ ಏರದೆ ಇಳಿಯುತ್ತಲೇ ಇರಬೇಕು.


ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಚದುರಂಗದ ತೂಕಗಳನ್ನು ನನ್ನ ಮಾತೃಕೆಯ ಐಗನ್ ಸದಿಶದೊಂದಿಗೆ ಹೋಲಿಸಿ ನೋಡಿದೆ; 25 ಸಂಖ್ಯೆಗಳೂ ಹೊಂದುತ್ತವೆ. ಎರಡನೆಯ ಉತ್ತರ ಓದಿದ ಮೇಲೆ ಮೂರು ಸಂದೇಹಗಳು ಉಳಿದಿವೆ. ಸಮತಲದಲ್ಲಿಯೂ ಪ₁ ಇಳಿಯುತ್ತಲೇ ಇರಬೇಕು ಎಂದು ಹೇಳಬಹುದೇ? ತ್ರಿಕೋನದ ಘಾತವನ್ನು ಏರಿಸಿ, 1 − ದ ದ ವರ್ಗವನ್ನೋ ಘನವನ್ನೋ ತೆಗೆದುಕೊಂಡರೆ ದೋಷ ಹೋಗುತ್ತದೆಯೇ? ಕೊನೆಯದಾಗಿ, ಎಲ್ಲ ಆಯಾಮಗಳಲ್ಲೂ ಒಪ್ಪುವ, ಆದರೆ ಒಂದು ಮಿತಿಯ ಆಚೆ ಸೊನ್ನೆಯಾಗುವ ಫಲನ ಇದೆಯೇ? ಸೊನ್ನೆಗಳು ಹೆಚ್ಚಿದ್ದಷ್ಟೂ ಮಾತೃಕೆಯ ಲೆಕ್ಕ ಹಗುರವಾಗುತ್ತದೆ ಎಂಬ ಕಾರಣಕ್ಕೆ ಕೇಳುತ್ತಿದ್ದೇನೆ.


ಉತ್ತರ 3

ಮೊದಲ ಸಂದೇಹಕ್ಕೆ ಉತ್ತರ: ಹಾಗೆ ಹೇಳಲಾಗದು. ಸಮತಲದ ಆವೃತ್ತಿಗಳೆಲ್ಲ 1 ತ್ರಿಜ್ಯದ ಒಂದು ಉಂಗುರದ ಮೇಲೆ ಸಮವಾಗಿ ಹರಡಿವೆ ಎಂದುಕೊಳ್ಳಿ. ಬಾಕ್ನರ್ ಪ್ರಮೇಯದ ಪ್ರಕಾರ ಅದಕ್ಕೆ ಹೊಂದುವ ಫಲನ, ಅಂದರೆ ಸೊನ್ನೆ ದರ್ಜೆಯ ಬೆಸೆಲ್ ಫಲನ, ಸಮತಲದಲ್ಲಿ ಧನನಿಶ್ಚಿತ. ಉಂಗುರದ ನೆರಳನ್ನು ರೇಖೆಯ ಮೇಲೆ ಬೀಳಿಸಿದರೆ ಅದು ನಡುವೆ ತೆಳುವಾಗಿ ಅಂಚುಗಳಲ್ಲಿ ದಟ್ಟವಾಗಿರುತ್ತದೆ. 1/√(1 − ಕ²) ರಂತೆ ಏರುತ್ತಾ ಹೋಗುತ್ತದೆ. ಆದ್ದರಿಂದ ಸಮತಲದಲ್ಲಿ ಪ₁ ಏರಬಹುದು. ನೆಲ ಮುಟ್ಟಿ ಏಳುವುದಷ್ಟೇ ನಿಷಿದ್ಧ. ಟೊಳ್ಳು ಗೋಳದ ನೆರಳು ರೇಖೆಯ ಮೇಲೆ ಎಲ್ಲೆಡೆ ಒಂದೇ ದಟ್ಟಣೆಯಲ್ಲಿ ಬೀಳುತ್ತದೆ ಎಂಬುದು ಆರ್ಕಿಮಿಡೀಸನ ಕಾಲದಿಂದ ತಿಳಿದ ಸಂಗತಿ, ಮತ್ತು ಮೂರು ಆಯಾಮದಲ್ಲಿ ಪ₁ ಏರಲಾರದು ಎಂಬ ಮಾತಿನ ಬೇರು ಅಲ್ಲಿದೆ.

ಘಾತದ ಪ್ರಶ್ನೆಗೆ ಪೂರ್ಣ ಉತ್ತರವನ್ನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಚರ್ಡ್ ಆಸ್ಕಿ 1973 ರಲ್ಲಿ ಕೊಟ್ಟರು. ನ ಆಯಾಮಗಳಲ್ಲಿ (1 − ದ) ದ ಘಾತ (ನ + 1)/2 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಫಲನ ಧನನಿಶ್ಚಿತ, ಕಡಿಮೆಯಾದರೆ ಅಲ್ಲ. ರೇಖೆಗೆ 1 ಸಾಕು, ಸಮತಲಕ್ಕೆ 1.5 ಬೇಕು, ಮೂರು ಆಯಾಮಕ್ಕೆ 2. ನೀವು ನೆಚ್ಚಿಕೊಂಡಿದ್ದ ಪೋಲ್ಯಾ ನಿಯಮ ಕೇವಲ ರೇಖೆಗೆ ಸೇರಿದ್ದು ಏಕೆಂಬುದೂ ಇದರಿಂದ ತಿಳಿಯುತ್ತದೆ: ಇಳಿಯುತ್ತಾ ಸೊನ್ನೆಗೆ ಹೋಗುವ ಕಾನ್ವೆಕ್ಸ್ ಫಲನವನ್ನು ಬೇರೆ ಬೇರೆ ಅಗಲದ ತ್ರಿಕೋನಗಳ ಮಿಶ್ರಣವಾಗಿ ಬರೆಯಬಹುದು, ತ್ರಿಕೋನ ರೇಖೆಯನ್ನು ದಾಟುವುದಿಲ್ಲ. ಸಮತಲಕ್ಕೂ ಮೂರು ಆಯಾಮಕ್ಕೂ ಆಸ್ಕಿ ಕೊಟ್ಟ ನಿಯಮದಲ್ಲಿ ಫಲನದ ಬದಲು ಅದರ ಅವಕಲನದ ಋಣರೂಪ ಕಾನ್ವೆಕ್ಸ್ ಆಗಿರಬೇಕು.

ಮೂರನೆಯ ಸಂದೇಹವೇ ಈ ವಿಷಯದ ಹೃದಯ. ಉತ್ತರ: ಅಂಥ ಫಲನ ಇಲ್ಲ, ಇರಲಾರದು. ರೊಮೇನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ, ಮುಂದೆ ಸ್ಪ್ಲೈನ್ ಸಿದ್ಧಾಂತಕ್ಕೆ, ಅಂದರೆ ತುಂಡು ತುಂಡಾದ ಬಹುಪದಗಳನ್ನು ನಯವಾಗಿ ಜೋಡಿಸುವ ವಿದ್ಯೆಗೆ, ಅಡಿಪಾಯ ಹಾಕಿದ ಐಸಾಕ್ ಶೋನ್‌ಬರ್ಗ್ 1938 ರಲ್ಲಿ ಪ್ರಕಟಿಸಿದ ಪ್ರಮೇಯ ಇದನ್ನು ಹೇಳುತ್ತದೆ. ಅವರು ಮೊದಲು ಒಂದೊಂದು ಆಯಾಮದಲ್ಲೂ ಮೂಲ ಇಟ್ಟಿಗೆ ಯಾವುದೆಂದು ಗುರುತಿಸುತ್ತಾರೆ. ತ್ರಿಜ್ಯೀಯ ಫಲನದ ಆವೃತ್ತಿಗಳ ಹಂಚಿಕೆ ಎಲ್ಲ ದಿಕ್ಕಿನಲ್ಲೂ ಒಂದೇ ಆದ್ದರಿಂದ ಅದನ್ನು ಗೋಳಾಕಾರದ ಪದರಗಳಾಗಿ ಬಿಡಿಸಬಹುದು. ಒಂದು ಪದರದ ಪರಿವರ್ತನೆ ರೇಖೆಯಲ್ಲಿ ಕೊಸೈನ್, ಸಮತಲದಲ್ಲಿ ಮೇಲೆ ಹೇಳಿದ ಬೆಸೆಲ್ ಫಲನ, ಮೂರು ಆಯಾಮದಲ್ಲಿ ಸೈನ್(ದ)/ದ. ಆ ಆಯಾಮದ ಪ್ರತಿಯೊಂದು ಧನನಿಶ್ಚಿತ ತ್ರಿಜ್ಯೀಯ ಫಲನವೂ ಈ ಇಟ್ಟಿಗೆಯನ್ನು ಬೇರೆ ಬೇರೆ ಪ್ರಮಾಣಕ್ಕೆ ಹಿಗ್ಗಿಸಿ ಕುಗ್ಗಿಸಿ, ಋಣವಲ್ಲದ ತೂಕಗಳಿಂದ ಕಲಸಿದ ಮಿಶ್ರಣ.

ಈ ಇಟ್ಟಿಗೆಗಳ ಕನಿಷ್ಠ ಬೆಲೆಯನ್ನು ನೋಡಿ: ಕೊಸೈನಿಗೆ −1, ಬೆಸೆಲಿಗೆ ಸುಮಾರು −0.403, ಸೈನ್(ದ)/ದ ಗೆ ಸುಮಾರು −0.217. ಆಯಾಮ ಏರಿದಂತೆ ಋಣದ ಕಡೆಗೆ ಇಳಿಯುವ ಸ್ವಾತಂತ್ರ್ಯ ಕಿರಿದಾಗುತ್ತದೆ. ಇದಕ್ಕೆ ಮಗುವಿಗೂ ಹೇಳಬಹುದಾದ ಕಾರಣವೊಂದಿದೆ. ನ ಆಯಾಮಗಳಲ್ಲಿ ಪರಸ್ಪರ ಸಮಾನ ದೂರದಲ್ಲಿ ನ + 1 ಬಿಂದುಗಳನ್ನು ಇಡಬಹುದು. ಸಮತಲದಲ್ಲಿ ಸಮಬಾಹು ತ್ರಿಕೋನ, ಮೂರು ಆಯಾಮದಲ್ಲಿ ನಾಲ್ಕು ಮೂಲೆಯ ಗೋಪುರ. ಎಲ್ಲಕ್ಕೂ ತೂಕ 1 ಕೊಟ್ಟು ಮೊತ್ತ ಋಣವಾಗಬಾರದು ಎಂದರೆ ಫಲನ −1/ನ ಕ್ಕಿಂತ ಕೆಳಗೆ ಹೋಗಬಾರದು ಎಂದು ಬರುತ್ತದೆ. ಇಬ್ಬರು ಪರಸ್ಪರ ಪೂರ್ತಿ ವಿರುದ್ಧವಾಗಿರಬಹುದು, ನೂರು ಜನ ಹಾಗಿರಲಾರರು. ಎಲ್ಲ ಆಯಾಮಗಳಲ್ಲೂ ಒಪ್ಪುವ ಫಲನ ಋಣವಾಗಲಾರದು ಎಂಬುದು ಇಷ್ಟರಿಂದಲೇ ಸಿದ್ಧ.

ಈಗ ನ ಅನ್ನು ಮಿತಿಯಿಲ್ಲದೆ ಬೆಳೆಸಿ. ಬಹಳ ಎತ್ತರದ ಆಯಾಮದ ಗೋಳದ ಮೇಲೆ ಒಂದು ಬಿಂದುವನ್ನು ಯಾದೃಚ್ಛಿಕವಾಗಿ ಆರಿಸಿ, ಅದರ ಒಂದು ನಿರ್ದೇಶಾಂಕವನ್ನು ನ ದ ವರ್ಗಮೂಲದಿಂದ ಗುಣಿಸಿದರೆ ಅದರ ಹಂಚಿಕೆ ಗಂಟೆಯಾಕಾರದ ಗಾಸಿಯನ್ ಹಂಚಿಕೆಗೆ ಹತ್ತಿರವಾಗುತ್ತದೆ. ಅನಿಲದ ಅಣುಗಳ ವೇಗದ ಬಗ್ಗೆ ಮ್ಯಾಕ್ಸ್‌ವೆಲ್ ಯೋಚಿಸಿದ ದಾರಿಯಲ್ಲಿ ಬರುವ ಸಂಗತಿ ಇದು. ಹಾಗಾಗಿ ತಕ್ಕ ಪ್ರಮಾಣಕ್ಕೆ ಹಿಗ್ಗಿಸಿದ ಇಟ್ಟಿಗೆಗಳೆಲ್ಲ ಕೊನೆಗೆ ಎಕ್ಸ್‌ಪ್(−ದ²) ಆಗುತ್ತವೆ. ಶೋನ್‌ಬರ್ಗ್ ಪ್ರಮೇಯ ಹೇಳುವುದು ಇದನ್ನೇ: ಎಲ್ಲ ಆಯಾಮಗಳಲ್ಲೂ ಧನನಿಶ್ಚಿತವಾದ ಅವಿಚ್ಛಿನ್ನ ತ್ರಿಜ್ಯೀಯ ಫಲನಗಳು ಬೇರೆ ಬೇರೆ ಅಗಲದ ಗಾಸಿಯನ್‌ಗಳ ಮಿಶ್ರಣಗಳು, ಬೇರೆ ಯಾವುವೂ ಅಲ್ಲ. ಗಾಸಿಯನ್ ಎಂದೂ ಸೊನ್ನೆಯಾಗುವುದಿಲ್ಲ. ಋಣವಲ್ಲದ ತೂಕಗಳಿಂದ ಕೂಡಿಸಿದ ಗಾಸಿಯನ್‌ಗಳೂ ಆಗುವುದಿಲ್ಲ. ಆದ್ದರಿಂದ ಮಿತಿಯ ಆಚೆ ಸೊನ್ನೆಯಾಗುವ ಯಾವ ಫಲನವೂ ಒಂದಲ್ಲ ಒಂದು ಆಯಾಮದಲ್ಲಿ ಸೋಲಲೇಬೇಕು. ಕಡ್ಡಿ, ಬಿಲ್ಲೆ, ಗೋಳಗಳ ಕಥೆ ಅದರ ಒಂದು ಉದಾಹರಣೆ ಮಾತ್ರ.

ಎಲ್ಲ ಆಯಾಮಗಳಲ್ಲೂ ಸಲ್ಲುವ ಫಲನ ಬೇಕೆಂದರೆ ಎಕ್ಸ್‌ಪ್(−ದ) ಇದೆ. ದ ದ ಘಾತವನ್ನು ಸೊನ್ನೆಗಿಂತ ಹೆಚ್ಚು ಮಾಡಿ 2 ರವರೆಗೆ ಏರಿಸಬಹುದು. 2 ನ್ನು ದಾಟಿದರೆ ರೇಖೆಯ ಮೇಲೂ ಒಪ್ಪದು, ಏಕೆಂದರೆ ಆಗ ಮೂಲದಲ್ಲಿ ಎರಡನೆಯ ಅವಕಲನ ಸೊನ್ನೆಯಾಗುತ್ತದೆ, ಅಂದರೆ ಆವೃತ್ತಿಗಳ ಹರವು ಸೊನ್ನೆ, ಅಂದರೆ ಫಲನ ಎಲ್ಲೆಡೆ 1 ಆಗಿರಬೇಕು ಎಂಬ ವಿರೋಧ ಬರುತ್ತದೆ. ಸ್ವೀಡನ್ನಿನ ಅರಣ್ಯ ಸಮೀಕ್ಷೆಗಳ ಹಿನ್ನೆಲೆಯಲ್ಲಿ ಬರ್ಟಿಲ್ ಮಾಟೆರ್ನ್ 1960 ರ ತಮ್ಮ ಪ್ರಬಂಧದಲ್ಲಿ ಬಳಸಿದ ಫಲನಗಳ ಕುಟುಂಬವೂ ಗಾಸಿಯನ್‌ಗಳ ಮಿಶ್ರಣವೇ. ನಿಮ್ಮ ಕೆಲಸಕ್ಕೆ ನಾನು ಸೂಚಿಸುವುದಾದರೆ ಅದನ್ನೇ ಸೂಚಿಸುತ್ತೇನೆ, ಏಕೆಂದರೆ ಮಣ್ಣಿನ ಗುಣ ಎಷ್ಟು ನಯವಾಗಿ ಬದಲಾಗುತ್ತದೆ ಎಂಬುದನ್ನು ಅದರಲ್ಲಿ ಒಂದು ನಿಯತಾಂಕದಿಂದ ಹೊಂದಿಸಬಹುದು. ಆದರೆ ಸೊನ್ನೆಗಳು ಬೇಕೇ ಬೇಕು ಎಂದಾದರೆ ಎಲ್ಲ ಆಯಾಮಗಳ ಆಸೆಯನ್ನು ಬಿಟ್ಟು, ನಿಮಗೆ ಬೇಕಾದ ಆಯಾಮದವರೆಗೆ ಒಪ್ಪುವುದನ್ನು ಆರಿಸಿ. ಹೊಲಕ್ಕೆ ನೂರು ಆಯಾಮಗಳಿಲ್ಲ. ಇನ್ನೂ ನಯವಾದ ಇಂಥ ಫಲನಗಳನ್ನು ಹೋಲ್ಗರ್ ವೆಂಡ್‌ಲ್ಯಾಂಡ್ 1995 ರಲ್ಲಿ, ಆಸ್ಕಿಯವರ ಘಾತಗಳಿಂದಲೇ ಮೊದಲುಮಾಡಿ, ಪದೇ ಪದೇ ಅನುಕಲನ ಮಾಡಿ ಕಟ್ಟಿದ್ದಾರೆ.

ಇಲ್ಲಿಯವರೆಗಿನ ಮಾತೆಲ್ಲ ನೇರ ದೂರಕ್ಕೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ. ರಸ್ತೆಯುದ್ದಕ್ಕೂ ಅಳೆದ ದೂರವನ್ನೋ ಭೂಮಿಯ ಮೇಲ್ಮೈಯಲ್ಲಿ ಬಾಗಿ ಸಾಗುವ ದೂರವನ್ನೋ ಇದೇ ಸೂತ್ರಗಳಿಗೆ ಹಾಕಿದರೆ ಪ್ರಮೇಯದ ರಕ್ಷಣೆ ಇರುವುದಿಲ್ಲ. ಗೋಳದ ಮೇಲ್ಮೈ ದೂರವನ್ನು ಗಾಸಿಯನ್‌ಗೆ ಹಾಕಿದರೆ ಅದು ಧನನಿಶ್ಚಿತವಾಗಿ ಉಳಿಯುವುದಿಲ್ಲ.


ಉತ್ತರ 2 ಬರೆದವರಿಂದ

ಉಂಗುರದ ಉದಾಹರಣೆ ಬಹಳ ಚೆನ್ನಾಗಿದೆ. ಒಂದು ಸಣ್ಣ ಸೇರ್ಪಡೆ: ತ್ರಿಕೋನ ಫಲನ ಮೂರು ಆಯಾಮದಲ್ಲಿ ಒಪ್ಪದು ಎಂಬುದು ಅದರ ಚಿತ್ರವನ್ನು ನೋಡಿದ ಕೂಡಲೇ ಹೇಳಬಹುದಾದ ಮಾತು. ಮೂರು ಆಯಾಮದಲ್ಲಿ ಧನನಿಶ್ಚಿತವಾದ ತ್ರಿಜ್ಯೀಯ ಫಲನಕ್ಕೆ ಮೂಲವನ್ನು ಬಿಟ್ಟು ಉಳಿದೆಡೆ ಅವಿಚ್ಛಿನ್ನವಾದ ಅವಕಲನ ಇರಲೇಬೇಕು; ತ್ರಿಕೋನಕ್ಕೆ ದ = 1 ರಲ್ಲಿ ಮೊನೆ ಇದೆ. ಗೋಳೀಯ ಮಾದರಿ ಅಲ್ಲಿ −1.5 + 1.5 ಆಗಿ ನಯವಾಗಿ ನೆಲ ಸೇರುತ್ತದೆ.


ಪ್ರಶ್ನೆ ಕೇಳಿದವರಿಂದ

ಅದೇ 5 × 5 ಜಾಲ, ಅದೇ 70 ಮೀಟರ್ ಅಂತರ, ಅದೇ 100 ಮೀಟರ್ ಮಿತಿ ಇಟ್ಟುಕೊಂಡು ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದೆ. ಅತಿ ಚಿಕ್ಕ ಐಗನ್ ಮೌಲ್ಯ ವೃತ್ತೀಯ ಮಾದರಿಗೆ 0.35, ಗೋಳೀಯ ಮಾದರಿಗೆ 0.58, 1 − ದ ದ ವರ್ಗಕ್ಕೆ 0.69. ಮುಂದಿನ ಸುತ್ತಿನಲ್ಲಿ ಪ್ರತಿ ಜಾಗದಲ್ಲೂ ಬೇರೆ ಬೇರೆ ಆಳದ ಮಣ್ಣನ್ನು ಅಳೆಯಲಿದ್ದೇನೆ. ಆಗ ಬಿಂದುಗಳು ಮೂರು ಆಯಾಮಕ್ಕೆ ಹರಡುವುದರಿಂದ ವೃತ್ತೀಯ ಮಾದರಿಯನ್ನು ಕೈಬಿಟ್ಟು ಗೋಳೀಯ ಮಾದರಿಯನ್ನೂ ಮಾಟೆರ್ನ್ ಕುಟುಂಬವನ್ನೂ ಹೋಲಿಸಿ ನೋಡುತ್ತೇನೆ.